ನ್ಯೂ ಮೆಕ್ಸಿಕೊ ಬಾವುಟದ ಸೂರ್ಯ ಯಾರಿಗೆ ಸೇರಿದ್ದು? ರಾಜ್ಯದ ಚಿಹ್ನೆಗಳು, ಅವುಗಳ ಹಿಂದಿನ ಚರಿತ್ರೆ

ಕೆಂಪುಮಣ್ಣು

ಎಲ್ಲರಿಗೂ ನಮಸ್ಕಾರ. ನಾನು ಆಲ್ಬುಕರ್ಕಿಯಲ್ಲಿ ಇದ್ದೇನೆ. ಇಲ್ಲಿನ ಕನ್ನಡಿಗರೆಲ್ಲ ಸೇರಿ ರಾಜ್ಯೋತ್ಸವಕ್ಕೆ ಒಂದು ಲಾಂಛನ ಬರೆಸಬೇಕೆಂದು ಮಾತಾಡಿಕೊಂಡಿದ್ದೇವೆ. ನ್ಯೂ ಮೆಕ್ಸಿಕೊದ ಬಾವುಟ ನೋಡಿದವರಿಗೆ ಗೊತ್ತು: ಹಳದಿ ಬಟ್ಟೆ, ನಡುವೆ ಕೆಂಪು ಸೂರ್ಯ, ನಾಲ್ಕು ಕಡೆಗೂ ನಾಲ್ಕು ನಾಲ್ಕು ಕಿರಣ. ನಮ್ಮ ಕನ್ನಡ ಬಾವುಟದ್ದೂ ಅದೇ ಎರಡು ಬಣ್ಣ. ಆ ಸೂರ್ಯನ ನಡುವಿನ ವೃತ್ತದಲ್ಲಿ ಗಂಡಭೇರುಂಡವನ್ನು ಕೂರಿಸಿದರೆ ಹೇಗೆ ಎಂದು ಒಬ್ಬರು ಸೂಚಿಸಿದರು. ಕರಡು ಚಿತ್ರವೂ ಸಿದ್ಧವಾಯಿತು, ಚೆನ್ನಾಗಿಯೂ ಇತ್ತು.

ಅದನ್ನು ಕಚೇರಿಯಲ್ಲಿ ತೋರಿಸಿದಾಗ, ಇಲ್ಲಿನ ಮೂಲ ನಿವಾಸಿಗಳ ಊರುಗಳಲ್ಲಿ ಒಂದಾದ ಲಗೂನಾ ಪ್ವೆಬ್ಲೊಗೆ ಸೇರಿದ ಸಹೋದ್ಯೋಗಿಯೊಬ್ಬರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಜಿಯಾದವರನ್ನು ಕೇಳಿದ್ದೀರಾ?” ಎಂದರು. ಜಿಯಾ ಎಂಬುದೂ ಅಂಥದೇ ಒಂದು ಪ್ವೆಬ್ಲೊ, ಬಾವುಟದ ಸೂರ್ಯ ಅವರ ಚಿಹ್ನೆಯಂತೆ. ಈ ಸೂರ್ಯ ಇಲ್ಲಿ ಕಾರಿನ ನಂಬರ್ ಫಲಕದ ಮೇಲಿದೆ, ಹೋಟೆಲಿನ ಬೋರ್ಡಿನ ಮೇಲಿದೆ, ಹುಡುಗರ ತೋಳಿನ ಹಚ್ಚೆಯಲ್ಲಿದೆ. ಕೇಳಬೇಕಾದ ಚಿಹ್ನೆ ಇದು ಎಂಬ ಯೋಚನೆ ನಮ್ಮಲ್ಲಿ ಯಾರಿಗೂ ಬಂದಿರಲಿಲ್ಲ.

ಈ ಬಾವುಟದ ಕಥೆ, ರಾಜ್ಯದ ಉಳಿದ ಚಿಹ್ನೆಗಳ ಕಥೆ ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ. ಅದೇ ದಿನ ಮಕ್ಕಳಿಗೆ ಇದರ ಬಗ್ಗೆ ಹೇಳುವ ಕಾರ್ಯಕ್ರಮವೂ ಇದೆ.

ಬಣ್ಣದಬುಗುರಿ

ನಾನು ವಿನ್ಯಾಸದ ಕೆಲಸದವಳು. ಹಾಗಾಗಿ ಬಾವುಟದ ಮಟ್ಟಿಗೆ ಹೇಳುತ್ತೇನೆ. ಬಾವುಟಗಳನ್ನು ಅಧ್ಯಯನ ಮಾಡುವ ಉತ್ತರ ಅಮೆರಿಕದ ಸಂಘವೊಂದು 2001ರಲ್ಲಿ ಅಮೆರಿಕದ ರಾಜ್ಯಗಳು, ಪ್ರಾಂತ್ಯಗಳು ಮತ್ತು ಕೆನಡಾದ ಪ್ರಾಂತ್ಯಗಳ ಒಟ್ಟು 72 ಬಾವುಟಗಳಿಗೆ ಅಂಕ ಕೊಡಿಸಿತು. ಮೊದಲ ಸ್ಥಾನ ನ್ಯೂ ಮೆಕ್ಸಿಕೊಗೆ. ಏಕೆಂದು ಹೇಳುವುದು ಕಷ್ಟವಲ್ಲ. ಅಮೆರಿಕದ ಬಹಳಷ್ಟು ರಾಜ್ಯಗಳ ಬಾವುಟ ನೀಲಿ ಬಟ್ಟೆಯ ಮೇಲೆ ಒಂದು ಮುದ್ರೆ. ಆ ಮುದ್ರೆಯೊಳಗೆ ಒಬ್ಬ ರೈತ, ಒಂದು ನೇಗಿಲು, ಒಂದು ಹಡಗು, ಒಂದು ಸಾಲು ಬರಹ. ಕಂಬದ ಮೇಲೇರಿತೆಂದರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ. ನ್ಯೂ ಮೆಕ್ಸಿಕೊದ್ದು ಎರಡೇ ಬಣ್ಣ, ಒಂದೇ ಆಕೃತಿ, ಅಕ್ಷರವೇ ಇಲ್ಲ. ಎರಡನೇ ತರಗತಿಯ ಮಗುವೂ ನೆನಪಿನಿಂದ ಬಿಡಿಸಬಲ್ಲದು.

ಮೊದಲು ಇವರದ್ದೂ ಹಾಗೆಯೇ ತುಂಬಿಸಿಟ್ಟ ಬಾವುಟವಾಗಿತ್ತು. 1912ರಲ್ಲಿ ರಾಜ್ಯವಾದಾಗ ಬಾವುಟವೇ ಇರಲಿಲ್ಲ. ಇತಿಹಾಸಕಾರ ರಾಲ್ಫ್ ಎಮರ್ಸನ್ ಟ್ವಿಚೆಲ್ ರೂಪಿಸಿದ ಬಾವುಟ 1915ರಲ್ಲಿ ಬಂತು: ನೀಲಿ ಬಟ್ಟೆ, ಒಂದು ಮೂಲೆಯಲ್ಲಿ ಅಮೆರಿಕದ ಪುಟ್ಟ ಬಾವುಟ, ಇನ್ನೊಂದು ಮೂಲೆಯಲ್ಲಿ ರಾಜ್ಯದ ಮುದ್ರೆ, ಜೊತೆಗೆ ರಾಜ್ಯದ ಹೆಸರು ಮತ್ತು 47 ಎಂಬ ಅಂಕಿ. ನ್ಯೂ ಮೆಕ್ಸಿಕೊ ಒಕ್ಕೂಟದ 47ನೆಯ ರಾಜ್ಯ ಎಂಬ ಕಾರಣಕ್ಕೆ. ಹತ್ತು ವರ್ಷ ಅದೇ ನಡೆಯಿತು.

ಆಮೇಲೆ 1920ರ ದಶಕದಲ್ಲಿ ಮಹಿಳೆಯರ ಒಂದು ದೇಶಪ್ರೇಮಿ ಸಂಘಟನೆಯ ಒತ್ತಾಯದಿಂದ ಸ್ಪರ್ಧೆ ಏರ್ಪಟ್ಟಿತು. ಸಾಂಟಾ ಫೆಯಲ್ಲಿದ್ದ ವೈದ್ಯ, ಪುರಾತತ್ವದಲ್ಲಿ ಆಳವಾದ ಆಸಕ್ತಿಯಿದ್ದ ಡಾ. ಹ್ಯಾರಿ ಮೆರಾ ಗೆದ್ದರು. ಮೊದಲ ಬಾವುಟ ಹೊಲಿದವರು ಅವರ ಪತ್ನಿ ರೀಬಾ. 1925ರಲ್ಲಿ ಅದು ಕಾನೂನಾಯಿತು. ಕೆಂಪು, ಹಳದಿ ಹಳೆಯ ಸ್ಪೇನಿನ ಬಣ್ಣಗಳು. ನಮ್ಮ ಬಾವುಟದೊಂದಿಗಿನ ಹೋಲಿಕೆ ಕಾಕತಾಳೀಯ. ಸೂರ್ಯನ ಆಕೃತಿಯನ್ನು ಮೆರಾ ತೆಗೆದುಕೊಂಡದ್ದು ಜಿಯಾ ಪ್ವೆಬ್ಲೊದ, 19ನೆಯ ಶತಮಾನದ ಕೊನೆಯಲ್ಲಿ ಮಾಡಿದ ಒಂದು ನೀರಿನ ಗಡಿಗೆಯ ಮೇಲಿನ ಚಿತ್ರದಿಂದ. ಬಾವುಟವನ್ನು ಹೊಗಳುವಾಗಲೆಲ್ಲ ನಾವು ವಿನ್ಯಾಸಕಾರನನ್ನು ಹೊಗಳುತ್ತೇವೆ. ಆ ಗಡಿಗೆಗೆ ಬಣ್ಣ ಹಚ್ಚಿದ ಹೆಣ್ಣುಮಗಳ ಹೆಸರನ್ನು ಯಾರೂ ಬರೆದಿಡಲಿಲ್ಲ. ನನ್ನ ವೃತ್ತಿಯವಳಾಗಿ ನನಗೆ ಇದು ಚುಚ್ಚುತ್ತದೆ.

ಹಳೇಪುಟ

ಕೆಂಪುಮಣ್ಣು ಅವರೇ, ಪ್ರಶ್ನೆ ಕೇಳಿ ಒಳ್ಳೆಯದು ಮಾಡಿದಿರಿ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಚರಿತ್ರೆ ಬಿಟ್ಟರೆ ಈ ಚಿಹ್ನೆಗಳು ಬರೀ ಅಲಂಕಾರವಾಗುತ್ತವೆ.

ಪ್ವೆಬ್ಲೊ ಎಂದು ಕರೆಸಿಕೊಳ್ಳುವವರು ಮಣ್ಣಿನ ಇಟ್ಟಿಗೆ ಮತ್ತು ಕಲ್ಲಿನಲ್ಲಿ ಅಂತಸ್ತಿನ ಮೇಲೆ ಅಂತಸ್ತು ಮನೆ ಕಟ್ಟಿ, ಮೆಕ್ಕೆಜೋಳ, ಹುರುಳಿಕಾಯಿ, ಕುಂಬಳ ಬೆಳೆದು ಬದುಕಿದ ಜನ. ಅವರ ಪೂರ್ವಜರು ಚಾಕೊ ಕಣಿವೆಯಲ್ಲಿ ಸಾವಿರ ವರ್ಷದ ಹಿಂದೆ ಕಟ್ಟಿದ ನೂರಾರು ಕೋಣೆಗಳ ಕಟ್ಟಡಗಳು ಇನ್ನೂ ನಿಂತಿವೆ. ಇಂದಿಗೂ ನ್ಯೂ ಮೆಕ್ಸಿಕೊದಲ್ಲಿ 19 ಪ್ವೆಬ್ಲೊಗಳಿವೆ. ಪ್ರತಿಯೊಂದಕ್ಕೂ ತನ್ನದೇ ಆಡಳಿತ, ಭೂಮಿ, ಆಚರಣೆ. ನವಾಹೊ ಮತ್ತು ಅಪಾಚೆ ಜನ ಇವರಿಂದ ಬೇರೆ.

1540ರಲ್ಲಿ ಸ್ಪೇನಿನ ಕೊರೊನಾಡೊ ಚಿನ್ನ ಹುಡುಕಿಕೊಂಡು ಬಂದ. ಸಿಗಲಿಲ್ಲ, ಹಿಂತಿರುಗಿದ. 1598ರಲ್ಲಿ ಹ್ವಾನ್ ಡಿ ಒನ್ಯಾಟೆ ಬಂದದ್ದು ನೆಲೆಸಲು. ಅವನ ಜೊತೆ ಸೈನಿಕರು, ಪಾದ್ರಿಗಳು, ಕುಟುಂಬಗಳು, ಜಾನುವಾರು. ಅದೇ ವರ್ಷದ ಕೊನೆಗೆ ಎತ್ತರದ ಬಂಡೆಯ ಮೇಲಿರುವ ಆಕೊಮಾದಲ್ಲಿ ಜಗಳವಾಗಿ ಒನ್ಯಾಟೆಯ ಸೋದರಳಿಯ ಸತ್ತ. 1599ರ ಜನವರಿಯಲ್ಲಿ ಸ್ಪ್ಯಾನಿಷ್ ಪಡೆ ಆಕೊಮಾ ಮೇಲೆ ಬಿತ್ತು. ಸುಮಾರು 800 ಜನರನ್ನು ಕೊಂದರು. 25 ವರ್ಷ ದಾಟಿದ ಗಂಡಸರಿಗೆ ಒಂದು ಪಾದ ಕತ್ತರಿಸಿ 20 ವರ್ಷ ಜೀತಕ್ಕೆ ಹಾಕಬೇಕೆಂದು ಒನ್ಯಾಟೆ ತೀರ್ಪು ಕೊಟ್ಟ. ಮುಂದೆ ಸ್ಪೇನಿನವರೇ ಅವನ ವಿಚಾರಣೆ ನಡೆಸಿ ನ್ಯೂ ಮೆಕ್ಸಿಕೊದಿಂದ ಗಡಿಪಾರು ಮಾಡಿದರು.

1610ರ ಹೊತ್ತಿಗೆ ಸಾಂಟಾ ಫೆ ರಾಜಧಾನಿಯಾಯಿತು. ಅಮೆರಿಕದ ಇಂದಿನ ರಾಜ್ಯ ರಾಜಧಾನಿಗಳಲ್ಲಿ ಅದೇ ಅತ್ಯಂತ ಹಳೆಯದು. ಆದರೆ ಪ್ವೆಬ್ಲೊ ಜನರಿಗೆ ಆ ಶತಮಾನ ಕಪ್ಪ, ಬಿಟ್ಟಿ ಕೆಲಸ, ಹೊಸ ರೋಗ, ಬರಗಾಲಗಳದ್ದು. ತಮ್ಮ ದೇವರುಗಳನ್ನು ಕುಣಿದು ಕರೆಯುವುದೂ ಅಪರಾಧವಾಯಿತು. 1675ರಲ್ಲಿ ಗವರ್ನರ್ 47 ಧಾರ್ಮಿಕ ಮುಖಂಡರನ್ನು ಹಿಡಿಸಿ, ಕೆಲವರನ್ನು ಗಲ್ಲಿಗೇರಿಸಿ, ಉಳಿದವರಿಗೆ ಚಾಟಿಯಿಂದ ಹೊಡೆಸಿದ. ಹೊಡೆತ ತಿಂದವರಲ್ಲಿ ಈಗಿನ ಓಕೆ ಒವಿಂಗೆ ಎಂಬ ಊರಿನ ಪೊಪೇ ಒಬ್ಬ.

ಐದು ವರ್ಷದ ಬಳಿಕ ಅವನು ಮಾಡಿದ್ದನ್ನು ಮಕ್ಕಳಿಗೆ ಹೇಳಲೇಬೇಕು. ಬೇರೆ ಬೇರೆ ಭಾಷೆಯಾಡುವ, ನೂರಾರು ಮೈಲಿ ಅಂತರದ ಊರುಗಳು ಒಂದೇ ದಿನ ಏಳಬೇಕು. ಬರಹವಿಲ್ಲ, ಕುದುರೆಯೂ ಇಲ್ಲ. ಗಂಟು ಹಾಕಿದ ನಾರಿನ ಹುರಿಗಳನ್ನು ಓಟಗಾರರ ಕೈಯಲ್ಲಿ ಊರಿಂದೂರಿಗೆ ಕಳಿಸಿದರು. ದಿನಕ್ಕೊಂದು ಗಂಟು ಬಿಚ್ಚಬೇಕು, ಕೊನೆಯ ಗಂಟಿನ ದಿನ ದಂಗೆ. ಇಬ್ಬರು ಓಟಗಾರರು ಸ್ಪ್ಯಾನಿಷರ ಕೈಗೆ ಸಿಕ್ಕಿಬಿದ್ದದ್ದರಿಂದ ಒಂದು ದಿನ ಮುಂಚೆಯೇ, 1680ರ ಆಗಸ್ಟ್ 10ರಂದು, ಎಲ್ಲರೂ ಎದ್ದರು. 21 ಪಾದ್ರಿಗಳೂ ಸೇರಿ ಸುಮಾರು 400 ವಲಸಿಗರು ಸತ್ತರು, ಉಳಿದವರು ದಕ್ಷಿಣಕ್ಕೆ ಓಡಿದರು. ಮುಂದಿನ 12 ವರ್ಷ ಅಲ್ಲಿ ಸ್ಪ್ಯಾನಿಷ್ ಆಳ್ವಿಕೆ ಇರಲಿಲ್ಲ.

ಈಗ ಜಿಯಾಕ್ಕೆ ಬರುತ್ತೇನೆ. ಆಲ್ಬುಕರ್ಕಿಯಿಂದ ವಾಯವ್ಯಕ್ಕೆ, ಹೆಮೆಸ್ ನದಿಯ ಮೇಲಿನ ಸಣ್ಣ ದಿಬ್ಬದ ಊರು ಅದು. ದಂಗೆಯ ಸೇಡಿಗೆ 1689ರಲ್ಲಿ ಸ್ಪ್ಯಾನಿಷ್ ಸೈನ್ಯ ಜಿಯಾವನ್ನು ಸುಟ್ಟಿತು. ನೂರಾರು ಜನ ಸತ್ತರು, ಹಲವರನ್ನು ಸೆರೆಯಾಗಿ ಒಯ್ದರು. ಒಂದು ಕಾಲಕ್ಕೆ ಸಾವಿರಾರು ಮಂದಿಯಿದ್ದ ಆ ಊರು 19ನೆಯ ಶತಮಾನದ ಕೊನೆಗೆ ನೂರರ ಆಸುಪಾಸಿಗೆ ಇಳಿದಿತ್ತು. ಬಾವುಟದ ಸೂರ್ಯನಿರುವ ಗಡಿಗೆ ಆ ಕಾಲದ್ದು. ಅಳಿವಿನ ಅಂಚಿನಲ್ಲಿದ್ದ ನೂರು ಜನ ಆಚರಣೆ ಬಿಡದೆ ಗಡಿಗೆಯ ಮೇಲೆ ತಮ್ಮ ಸೂರ್ಯನನ್ನು ಬರೆಯುತ್ತಲೇ ಇದ್ದರು. ಆ ಚಿತ್ರ ಬಾವುಟವಾಗುವಾಗ ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಮರಳುಗಾಡು

ಹಳೇಪುಟ ಸರ್ ಬರೆದದ್ದನ್ನು ಗೌರವದಿಂದ ಓದಿದೆ. ಆದರೂ ನನ್ನ ಭಿನ್ನಾಭಿಪ್ರಾಯ ಹೇಳಬೇಕು. ನನ್ನ ಮಕ್ಕಳು ಹುಟ್ಟಿದ್ದು ಲಾಸ್ ಕ್ರೂಸಸ್‌ನಲ್ಲಿ. ಅವರಿಗೆ ಈ ಸೂರ್ಯ ಎಂದರೆ ಮನೆ. ದೂರದ ರಾಜ್ಯದ ಹೆದ್ದಾರಿಯಲ್ಲಿ ಹಳದಿ ಫಲಕದ ಕಾರು ಕಂಡರೆ ಕೈಬೀಸುತ್ತಾರೆ. ನೂರು ವರ್ಷ ಜನ ಇದನ್ನು ಪ್ರೀತಿಸಿದ್ದಾರೆ. ಹಿಸ್ಪ್ಯಾನಿಕ್ ರೈತ, ಟೆಕ್ಸಸ್‌ನಿಂದ ಬಂದ ಬಿಳಿಯ ಮೇಷ್ಟ್ರು, ನವಾಹೊ ಸೈನಿಕ, ನಮ್ಮಂಥ ವಲಸಿಗರು, ಎಲ್ಲರ ಪ್ರೀತಿಯೂ ಅದರಲ್ಲಿ ಬೆರೆತಿದೆ.

ಇನ್ನೊಂದು ವಿಷಯ. ಈ ರಾಜ್ಯವನ್ನು ಅಮೆರಿಕದವರೇ ತಮ್ಮದೆಂದು ಒಪ್ಪಿಕೊಳ್ಳಲು ಬಹಳ ಕಾಲ ಹಿಡಿಯಿತು. 1846ರಲ್ಲಿ ಅಮೆರಿಕದ ಸೈನ್ಯ ಸಾಂಟಾ ಫೆಗೆ ಬಂತು, 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದದಲ್ಲಿ ಮೆಕ್ಸಿಕೊ ಈ ನೆಲ ಬಿಟ್ಟುಕೊಟ್ಟಿತು, 1850ರಲ್ಲಿ ಇದು ಪ್ರಾಂತ್ಯವಾಯಿತು. ರಾಜ್ಯವಾದದ್ದು 1912ರ ಜನವರಿ 6ರಂದು. 60 ವರ್ಷಕ್ಕೂ ಮೀರಿ ಕಾಯಿಸಿದ್ದು ಏಕೆ? ಜನ ಕ್ಯಾಥೊಲಿಕರು, ಸ್ಪ್ಯಾನಿಷ್ ಆಡುವವರು, ಕಂದುಬಣ್ಣದವರು ಎಂದು. ಇಂಡಿಯಾನಾದ ಸೆನೆಟರ್ ಬೆವರಿಜ್ ವರ್ಷಗಟ್ಟಲೆ ಅಡ್ಡಗಾಲು ಹಾಕಿದರು. ಅರಿಜೋನಾದ ಜೊತೆ ಸೇರಿಸಿ ಒಂದೇ ರಾಜ್ಯ ಮಾಡುವ ಯೋಜನೆಯನ್ನು 1906ರಲ್ಲಿ ಅರಿಜೋನಾದ ಮತದಾರರೇ ತಿರಸ್ಕರಿಸಿದರು. ಇವತ್ತಿಗೂ ಇಲ್ಲಿನ ನಂಬರ್ ಫಲಕದ ಮೇಲೆ ರಾಜ್ಯದ ಹೆಸರಿನ ಜೊತೆ ಯುಎಸ್‌ಎ ಎಂದು ಬರೆಯುತ್ತಾರೆ. ಇದನ್ನು ಬೇರೆ ದೇಶವೆಂದು ತಿಳಿಯುವವರು ಅಷ್ಟು ಜನ.

ಹೀಗೆ ಕೀಳಾಗಿ ಕಂಡ ಜನ ತಮ್ಮ ಬಾವುಟಕ್ಕೆ ವಾಷಿಂಗ್ಟನ್ನಿನ ಗುರುತು ಹಾಕದೆ, ಈ ನೆಲದ ಮೂಲ ನಿವಾಸಿಗಳ ಗುರುತು ಹಾಕಿದರಲ್ಲ, ಅದು ದೊಡ್ಡದಲ್ಲವೇ? 1963ರಲ್ಲಿ ಒಪ್ಪಿದ ಬಾವುಟ ವಂದನೆಯಲ್ಲಿ ಇದನ್ನು ಒಂದುಗೂಡಿದ ಸಂಸ್ಕೃತಿಗಳ ಪರಿಪೂರ್ಣ ಸ್ನೇಹದ ಜಿಯಾ ಚಿಹ್ನೆ ಎಂದೇ ಕರೆದಿದ್ದಾರೆ. ಮೂಲವನ್ನು ಮುಚ್ಚಿಟ್ಟಿಲ್ಲ. ಸಾಂಟಾ ಫೆಯ ಶಾಸನಸಭಾ ಭವನವನ್ನೇ 1966ರಲ್ಲಿ ಮೇಲಿನಿಂದ ನೋಡಿದರೆ ಜಿಯಾ ಸೂರ್ಯ ಕಾಣುವಂತೆ ದುಂಡಗೆ ಕಟ್ಟಿದರು. ದೇಶದಲ್ಲಿ ಅಂಥ ದುಂಡು ಭವನ ಇನ್ನೊಂದಿಲ್ಲ. ಇಷ್ಟು ಹಬ್ಬಿದ ಮೇಲೆ ರಾಜ್ಯೋತ್ಸವದ ಒಂದು ಚಿತ್ರಕ್ಕೆ ಅನುಮತಿ ಕೇಳಬೇಕೆನ್ನುವುದು ಅತಿಯಾಯಿತೇನೋ.

ಹಳೇಪುಟ

ಮರಳುಗಾಡು ಅವರೇ, ನಿಮ್ಮ ಮಕ್ಕಳ ಪ್ರೀತಿಯನ್ನು ನಾನು ಕಡಿಮೆ ಮಾಡಿ ನೋಡುವುದಿಲ್ಲ. ಆದರೆ “ಪರಿಪೂರ್ಣ ಸ್ನೇಹ” ಎಂಬ ಮಾತನ್ನು ಎರಡು ಇಸವಿಗಳ ನಡುವೆ ಇಟ್ಟು ನೋಡಿ.

1924ರಲ್ಲಿ ಅಮೆರಿಕದ ಎಲ್ಲ ಮೂಲ ನಿವಾಸಿಗಳಿಗೂ ಪೌರತ್ವ ಕೊಡುವ ಕಾನೂನು ಬಂತು. 1925ರಲ್ಲಿ ನ್ಯೂ ಮೆಕ್ಸಿಕೊ ಜಿಯಾದ ಸೂರ್ಯನನ್ನು ಬಾವುಟಕ್ಕೆ ಏರಿಸಿತು. ಆದರೆ ರಾಜ್ಯದ ಸಂವಿಧಾನದಲ್ಲಿ “ತೆರಿಗೆ ಕೊಡದ ಇಂಡಿಯನ್ನರು” ಮತ ಹಾಕುವಂತಿಲ್ಲ ಎಂಬ ಮಾತಿತ್ತು. ಮೀಸಲು ಭೂಮಿಗೆ ಆಸ್ತಿ ತೆರಿಗೆ ಇಲ್ಲದ್ದನ್ನೇ ನೆಪ ಮಾಡಿ ಪ್ವೆಬ್ಲೊ, ನವಾಹೊ, ಅಪಾಚೆ ಜನರನ್ನು ಮತಪಟ್ಟಿಯಿಂದ ಹೊರಗಿಟ್ಟರು. ಅವರು ಕೊಡುತ್ತಿದ್ದ ಉಳಿದ ತೆರಿಗೆಗಳು ಲೆಕ್ಕಕ್ಕೆ ಬರಲಿಲ್ಲ.

ಎರಡನೇ ಮಹಾಯುದ್ಧದಲ್ಲಿ ನೌಕಾದಳದ ಪದಾತಿಯಲ್ಲಿ ಸೇವೆ ಸಲ್ಲಿಸಿ ಬಂದ ಇಸ್ಲೆಟಾ ಪ್ವೆಬ್ಲೊದ ಶಿಕ್ಷಕ ಮಿಗೆಲ್ ಟ್ರುಹಿಯೊ 1948ರ ಜೂನ್‌ನಲ್ಲಿ ಲಾಸ್ ಲೂನಾಸ್ ಎಂಬಲ್ಲಿ ಹೆಸರು ನೋಂದಾಯಿಸಲು ಹೋದರು. ಆಗುವುದಿಲ್ಲ ಎಂದರು. ಅವರು ನ್ಯಾಯಾಲಯಕ್ಕೆ ಹೋದರು. ಆ ಆಗಸ್ಟ್‌ನಲ್ಲಿ ಮೂವರು ಫೆಡರಲ್ ನ್ಯಾಯಾಧೀಶರ ಪೀಠ ಸಾಂಟಾ ಫೆಯಲ್ಲಿ ಅವರ ಪರ ತೀರ್ಪು ಕೊಟ್ಟಿತು. ಅಂದರೆ 23 ವರ್ಷ ಜಿಯಾದ ಸೂರ್ಯ ಮತಗಟ್ಟೆಯ ಮೇಲೆ ಹಾರುತ್ತಿತ್ತು, ಜಿಯಾದ ಮನುಷ್ಯನಿಗೆ ಅದರ ಒಳಗೆ ಪ್ರವೇಶವಿರಲಿಲ್ಲ.

ಕಾಯಿಸಲ್ಪಟ್ಟವರ ನೋವನ್ನು ನೀವು ಸರಿಯಾಗಿಯೇ ಹೇಳಿದಿರಿ. 1912ರವರೆಗೆ ಅಮೆರಿಕ ನ್ಯೂ ಮೆಕ್ಸಿಕೊವನ್ನು ಕಾಯಿಸಿತು. ಆ ನೋವು ಗೊತ್ತಿದ್ದ ರಾಜ್ಯವೇ ತನ್ನ ಮೂಲ ನಿವಾಸಿಗಳನ್ನು ಮತ್ತೆ 36 ವರ್ಷ ಕಾಯಿಸಿತು. ಅದಕ್ಕೇ ಹೇಳುವುದು: ಪ್ರೀತಿ ಸಾಲದು, ಕೇಳುವುದೂ ಬೇಕು.

ಕಾನೂನುಪುಸ್ತಕ

ಅನುಮತಿ ಕೇಳುವುದು ಕಾನೂನಿನ ಕಡ್ಡಾಯವೇ ಎಂದರೆ, ಅಲ್ಲ. ಹಳೆಯ ಸಾಂಪ್ರದಾಯಿಕ ಚಿಹ್ನೆಗೆ ಕೃತಿಸ್ವಾಮ್ಯ ಅನ್ವಯಿಸುವುದಿಲ್ಲ. ರಾಜ್ಯದ ಬಾವುಟವನ್ನು ಯಾರೂ ತಮ್ಮ ಟ್ರೇಡ್‌ಮಾರ್ಕ್ ಆಗಿ ನೋಂದಾಯಿಸುವಂತಿಲ್ಲ ಎಂದು ಫೆಡರಲ್ ಕಾನೂನು ಹೇಳುತ್ತದೆ, ಆದರೆ ಅದು ಕಾಯುವುದು ರಾಜ್ಯವನ್ನು, ಜಿಯಾವನ್ನಲ್ಲ.

1990ರ ದಶಕದಲ್ಲಿ ಖಾಸಗಿ ಕಂಪನಿಯೊಂದು ಈ ಸೂರ್ಯನನ್ನು ಹೋಲುವ ಗುರುತಿಗೆ ಟ್ರೇಡ್‌ಮಾರ್ಕ್ ಕೋರಿ ಅರ್ಜಿ ಹಾಕಿತು. ಜಿಯಾ ಪ್ವೆಬ್ಲೊ ತೀವ್ರವಾಗಿ ಆಕ್ಷೇಪಿಸಿತು. ವಿಷಯ ಅಮೆರಿಕದ ಸಂಸತ್ತಿನವರೆಗೆ ಹೋಯಿತು. ಮೂಲ ನಿವಾಸಿಗಳ ಅಧಿಕೃತ ಚಿಹ್ನೆಗಳನ್ನು ಹೇಗೆ ರಕ್ಷಿಸಬೇಕೆಂದು ಅಧ್ಯಯನ ನಡೆಸುವಂತೆ 1998ರಲ್ಲಿ ಪೇಟೆಂಟ್ ಮತ್ತು ಟ್ರೇಡ್‌ಮಾರ್ಕ್ ಕಚೇರಿಗೆ ಸೂಚನೆ ಬಂತು. 1999ರಲ್ಲಿ ವರದಿ, 2001ರಲ್ಲಿ ಆ ಚಿಹ್ನೆಗಳ ಒಂದು ದತ್ತಾಂಶ ಕೋಶ. ಬುಡಕಟ್ಟುಗಳು ತಮ್ಮ ಚಿಹ್ನೆಯನ್ನು ಅಲ್ಲಿ ದಾಖಲಿಸಬಹುದು. ಅರ್ಜಿ ಪರಿಶೀಲಿಸುವ ಅಧಿಕಾರಿ ಅದನ್ನು ನೋಡಿ ತೀರ್ಮಾನಿಸಬಹುದು. ಆದರೆ ಯಾರಾದರೂ ಅಂಗಿಯ ಮೇಲೆ ಅಚ್ಚು ಹಾಕುವುದನ್ನು ಅದು ತಡೆಯುವುದಿಲ್ಲ.

ಇದೇ ಹೊತ್ತಿಗೆ ಜಿಯಾ ಪ್ವೆಬ್ಲೊ ರಾಜ್ಯದಿಂದ ಪರಿಹಾರವನ್ನೂ ಕೇಳಿತು. 1925ರಿಂದ ಲೆಕ್ಕ ಹಿಡಿದು ವರ್ಷಕ್ಕೆ ಹತ್ತು ಲಕ್ಷ ಡಾಲರ್. ಮೊತ್ತ ಕೇಳಿ ಕೆಲವರು ಹುಬ್ಬೇರಿಸಿದರು. ನನ್ನ ದೃಷ್ಟಿಯಲ್ಲಿ ಆ ಮೊತ್ತವೇ ಅವರ ವಾದವಾಗಿತ್ತು: ಪ್ರತಿಯೊಂದು ವರ್ಷವನ್ನೂ ನಾವು ಎಣಿಸಿದ್ದೇವೆ ಎಂಬ ಮಾತು. ಆ ಹಣ ಬರಲಿಲ್ಲ.

ಆದರೆ ಕೇಳಿ ಬಳಸಿದವರೂ ಇದ್ದಾರೆ. ಸೌತ್‌ವೆಸ್ಟ್ ಏರ್‌ಲೈನ್ಸ್ 2000ದಲ್ಲಿ ಒಂದು ವಿಮಾನಕ್ಕೆ ನ್ಯೂ ಮೆಕ್ಸಿಕೊ ಬಾವುಟದ ಬಣ್ಣ ಹಚ್ಚುವ ಮೊದಲು ಜಿಯಾ ಪ್ವೆಬ್ಲೊದ ಒಪ್ಪಿಗೆ ಪಡೆಯಿತು, ಅವರ ವಿದ್ಯಾರ್ಥಿವೇತನ ನಿಧಿಗೆ ದೇಣಿಗೆ ಕೊಟ್ಟಿತು. ವಿಮಾನದ ಅನಾವರಣದ ದಿನ ಜಿಯಾದವರು ಬಂದು ಕುಣಿದರು. ಕಾನೂನು ಬಲವಂತ ಮಾಡಿರಲಿಲ್ಲ. ಕೆಂಪುಮಣ್ಣು ಅವರು ಒಂದು ಪತ್ರ ಬರೆಯುವುದರಲ್ಲಿ ಕಳೆದುಕೊಳ್ಳುವುದೇನೂ ಇಲ್ಲ.

ಹಾವೇರಿಯವಳು

ಇಷ್ಟು ಗಂಭೀರ ಚರ್ಚೆಯ ನಡುವೆ ಮೆಣಸಿನಕಾಯಿ ತರುತ್ತಿದ್ದೇನೆ, ಆದರೆ ಅದೂ ಅಲ್ಲಿನ ಅಧಿಕೃತ ಚಿಹ್ನೆ ಎಂದು ಕೇಳಿದ್ದೇನೆ. ನಮ್ಮ ತಂದೆ ಬ್ಯಾಡಗಿ ಮಾರುಕಟ್ಟೆಗೆ ಕಾಯಿ ಒಯ್ಯುತ್ತಿದ್ದರು. ಸುಗ್ಗಿಯಲ್ಲಿ ಆ ಊರಿಗೆ ಬಸ್ ತಲುಪುವ ಮೊದಲೇ ಘಾಟು ಮೂಗಿಗೆ ಬರುತ್ತದೆ. ಒಂದು ರಾಜ್ಯ ತರಕಾರಿಯನ್ನು ಚಿಹ್ನೆ ಮಾಡಿಕೊಂಡರೆ ಅದರ ಹಿಂದೆ ರೈತರ ಕಥೆ ಇರಲೇಬೇಕು. ಯಾರಾದರೂ ಬರೆಯುತ್ತೀರಾ?

ಮರಳುಗಾಡು

ಮೇಡಂ, ಇದನ್ನು ನಾನೇ ಬರೆಯಬೇಕು; ಲಾಸ್ ಕ್ರೂಸಸ್ ಇದಕ್ಕೆ ತವರು.

1965ರಲ್ಲಿ ಮೆಣಸಿನಕಾಯಿ ಮತ್ತು ಪಿಂಟೊ ಬೀನ್ಸ್ ಎರಡನ್ನೂ ಜೋಡಿಯಾಗಿ ರಾಜ್ಯದ ತರಕಾರಿ ಎಂದು ಘೋಷಿಸಿದರು. ಮೂರು ದಶಕದ ಬಳಿಕ ಒಂದು ಪ್ರಶ್ನೆಯೂ ಅಧಿಕೃತವಾಯಿತು: “ಕೆಂಪೋ ಹಸಿರೋ?” ಇಲ್ಲಿ ಯಾವ ಹೋಟೆಲಿನಲ್ಲಿ ಕೂತರೂ ಮಾಣಿ ಕೇಳುವ ಮಾತು ಅದು. ತಟ್ಟೆಯ ಮೇಲೆ ಹಸಿ ಕಾಯಿಯ ಗೊಜ್ಜು ಸುರಿಯಬೇಕೋ ಒಣ ಕಾಯಿಯದೋ ಎಂದು. ಎರಡೂ ಬೇಕಾದರೆ “ಕ್ರಿಸ್‌ಮಸ್” ಎನ್ನಬೇಕು. ಎರಡೂ ಒಂದೇ ಗಿಡದವು, ಹಣ್ಣಾಗಲು ಬಿಟ್ಟದ್ದು ಕೆಂಪು.

2023ರಲ್ಲಿ ಇನ್ನೂ ಒಂದು ಹೆಜ್ಜೆ ಹೋಗಿ, ಹಸಿ ಮೆಣಸಿನಕಾಯಿ ಸುಡುವ ಪರಿಮಳವನ್ನೇ ರಾಜ್ಯದ ಪರಿಮಳ ಎಂದು ಕಾನೂನು ಮಾಡಿದರು. ಅಮೆರಿಕದಲ್ಲಿ ಬೇರೆ ಯಾವ ರಾಜ್ಯವೂ ಅದಕ್ಕೆ ಮೊದಲು ಪರಿಮಳವೊಂದನ್ನು ಆರಿಸಿಕೊಂಡಿರಲಿಲ್ಲ. ವಿಚಾರ ಹುಟ್ಟಿದ್ದು ನಮ್ಮೂರಿನ ಐದನೇ ತರಗತಿಯ ಮಕ್ಕಳಲ್ಲಿ. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಅಂಗಡಿಗಳ ಮುಂದೆ ಜಾಲರಿಯ ಡ್ರಮ್ಮುಗಳನ್ನು ಗ್ಯಾಸ್ ಉರಿಯ ಮೇಲೆ ತಿರುಗಿಸಿ ಚೀಲಗಟ್ಟಲೆ ಕಾಯಿ ಸುಡುತ್ತಾರೆ. ಸಿಪ್ಪೆ ಕರಿಕಾಗಿ ಬಿರಿಯುತ್ತದೆ. ಜನ ಬಿಸಿ ಚೀಲವನ್ನು ಮನೆಗೊಯ್ದು, ಸಿಪ್ಪೆ ಸುಲಿದು, ವರ್ಷಕ್ಕಾಗುವಷ್ಟು ಫ್ರೀಜರ್‌ನಲ್ಲಿ ಇಡುತ್ತಾರೆ. ಕೆಂಪು ಕಾಯಿಯನ್ನು ಮಾಲೆ ಕಟ್ಟಿ ಬಾಗಿಲ ಪಕ್ಕ ತೂಗುಹಾಕುತ್ತಾರೆ.

ರೈತರ ಕಥೆ ಕೇಳಿದಿರಿ. ಮೆಕ್ಸಿಕೊದಲ್ಲಿ ಹುಟ್ಟಿ, ಅನಾಥನಾಗಿ, ಅಜ್ಜಿಯ ಜೊತೆ ಗಡಿ ದಾಟಿ ಬಂದ ಫಾಬಿಯನ್ ಗಾರ್ಸಿಯಾ ಎಂಬಾತ 1894ರಲ್ಲಿ ಇಲ್ಲಿನ ಕೃಷಿ ಕಾಲೇಜಿನ ಮೊದಲ ತಂಡದಲ್ಲಿ ಪದವಿ ಪಡೆದರು. ಒಂದೊಂದು ಗಿಡಕ್ಕೆ ಒಂದೊಂದು ಗಾತ್ರ, ಒಂದೊಂದು ಖಾರ ಇದ್ದ ನಾಡ ಕಾಯಿಗಳಿಂದ ವರ್ಷಗಟ್ಟಲೆ ಆಯ್ಕೆ ಮಾಡಿ, ನಯವಾದ, ದಪ್ಪ ತಿರುಳಿನ, ಖಾರ ಹದವಾಗಿರುವ ತಳಿಯೊಂದನ್ನು 1921ರಲ್ಲಿ ಹೊರತಂದರು: ನ್ಯೂ ಮೆಕ್ಸಿಕೊ 9. ಇಂದು ಹ್ಯಾಚ್ ಕಣಿವೆಯ ಹೆಸರಿನಲ್ಲಿ ಮಾರಾಟವಾಗುವ ಕಾಯಿಗಳ ವಂಶಮೂಲ ಅಲ್ಲಿದೆ. ಸಾಯುವಾಗ ಆಸ್ತಿಯನ್ನು ಬಡ ವಿದ್ಯಾರ್ಥಿಗಳ ವಸತಿಗೆಂದು ಅದೇ ಕಾಲೇಜಿಗೆ ಬಿಟ್ಟುಹೋದರು. ರಾಜ್ಯದ ಚಿಹ್ನೆಗಳ ಪಟ್ಟಿಯಲ್ಲಿ ಈ ಮನುಷ್ಯನ ಹೆಸರಿಲ್ಲ, ಆದರೆ ತರಕಾರಿ, ಪ್ರಶ್ನೆ, ಪರಿಮಳ ಮೂರರಲ್ಲೂ ಅವರಿದ್ದಾರೆ.

ಬ್ಯಾಡಗಿಯೊಂದಿಗೆ ನಿಜವಾದ ನೆಂಟಸ್ತಿಕೆಯೂ ಇದೆ. ಎರಡೂ ಒಂದೇ ಸಸ್ಯಜಾತಿ. ಮೆಕ್ಸಿಕೊದಲ್ಲಿ ಪಳಗಿದ ಗಿಡ, ಸ್ಪ್ಯಾನಿಷರ ಜೊತೆ ರಿಯೊ ಗ್ರಾಂಡೆ ಕಣಿವೆಯ ಹೊಲಗಳಿಗೆ, ಪೋರ್ಚುಗೀಸರ ಹಡಗಿನಲ್ಲಿ ಪಶ್ಚಿಮ ಕರಾವಳಿಗೆ, ಅಲ್ಲಿಂದ ಘಟ್ಟ ಹತ್ತಿ ನಿಮ್ಮ ಕಡೆಗೆ. ಎರಡೂ ಕಡೆ ಜನ ಮೆಚ್ಚಿದ್ದು ಉರಿಗಿಂತ ಹೆಚ್ಚಾಗಿ ಬಣ್ಣ ಮತ್ತು ರುಚಿಯನ್ನು.

ಉಳಿದ ಚಿಹ್ನೆಗಳನ್ನು ಮಕ್ಕಳಿಗಾಗಿ ಚುಟುಕಾಗಿ ಹೇಳುತ್ತೇನೆ. ಹೂ ಯುಕ್ಕಾ, 1927ರಿಂದ. ಮೂಲ ನಿವಾಸಿಗಳು ಅದರ ನಾರಿನಿಂದ ಹಗ್ಗ, ಚಪ್ಪಲಿ, ಬುಟ್ಟಿ ಮಾಡುತ್ತಿದ್ದರು, ಬೇರಿನಿಂದ ನೊರೆ ತೆಗೆದು ತಲೆ ತೊಳೆಯುತ್ತಿದ್ದರು. ಹಕ್ಕಿ ರೋಡ್‌ರನ್ನರ್, ನಮ್ಮ ಕೆಂಬೂತದಂತೆ ಕೋಗಿಲೆಯ ಕುಟುಂಬದ್ದು, ಹಾರುವುದಕ್ಕಿಂತ ಓಡುವುದೇ ಹೆಚ್ಚು, ಬುಡುಬುಡುಕೆ ಹಾವನ್ನೂ ಹೊಡೆದು ತಿನ್ನುತ್ತದೆ. ಮರ ಪಿನ್ಯೋನ್ ಎಂಬ ಕುಳ್ಳ ಪೈನ್, ಅದರ ಬೀಜ ತಿನ್ನಲು ರುಚಿ. ಪ್ರಾಣಿ ಕಪ್ಪು ಕರಡಿ: 1950ರಲ್ಲಿ ಕ್ಯಾಪಿಟನ್ ಬೆಟ್ಟಗಳ ಕಾಡ್ಗಿಚ್ಚಿನಲ್ಲಿ ಸುಟ್ಟ ಪಾದಗಳೊಂದಿಗೆ ಸಿಕ್ಕ ಮರಿಗೆ ಸ್ಮೋಕಿ ಎಂದು ಹೆಸರಿಟ್ಟರು, ಕಾಡ್ಗಿಚ್ಚು ತಡೆಯುವ ಪ್ರಚಾರದ ಜೀವಂತ ಗುರುತಾಗಿ ವಾಷಿಂಗ್ಟನ್ನಿನ ಮೃಗಾಲಯದಲ್ಲಿ ಬೆಳೆಸಿದರು. 1976ರಲ್ಲಿ ಅದು ಸತ್ತಾಗ ದೇಹವನ್ನು ಕ್ಯಾಪಿಟನ್‌ಗೇ ತಂದು ಮಣ್ಣು ಮಾಡಿದರು. ಮಕ್ಕಳಿಗೆ ಈ ಕಥೆ ಖಂಡಿತ ಹೇಳಿ.

ಕೆಂಪುಮಣ್ಣು

ಎಲ್ಲರಿಗೂ ಕೃತಜ್ಞತೆಗಳು. ಹಿರಿಯರೊಂದಿಗೆ ಮಾತಾಡಿದೆ. ಈ ವರ್ಷದ ಲಾಂಛನದಲ್ಲಿ ಜಿಯಾ ಸೂರ್ಯ ಇರುವುದಿಲ್ಲ. ಪ್ವೆಬ್ಲೊ ಆಡಳಿತ ಕಚೇರಿಗೆ ಪತ್ರ ಕಳಿಸುತ್ತಿದ್ದೇವೆ. ಒಪ್ಪಿದರೆ ಮುಂದಿನ ವರ್ಷ, ಒಪ್ಪದಿದ್ದರೆ ಇಲ್ಲ. ಹಾವೇರಿಯವಳು ಮೇಡಂ ಮಾತಿನಿಂದ ಈ ಸಲ ಮೆಣಸಿನಕಾಯಿ ಮಾಲೆಯೇ ಲಾಂಛನವಾಯಿತು.

ಒಂದು ಪ್ರಶ್ನೆ ಉಳಿಯಿತು. ರಾಜ್ಯದ ಮುದ್ರೆಯಲ್ಲಿ ಎರಡು ಹದ್ದು ಇವೆಯಲ್ಲ, ಅದೇನು?

ಹಳೇಪುಟ

ದೊಡ್ಡದು ಅಮೆರಿಕದ ಬಿಳಿತಲೆ ಹದ್ದು, ಕಾಲಿನಲ್ಲಿ ಬಾಣಗಳು. ಅದರ ರೆಕ್ಕೆಯ ಆಸರೆಯಲ್ಲಿ ಚಿಕ್ಕದು ಮೆಕ್ಸಿಕೊದ ಹದ್ದು, ಕೊಕ್ಕಿನಲ್ಲಿ ಹಾವು, ಕಾಲಡಿಯಲ್ಲಿ ಕಳ್ಳಿ. ಕೆಳಗೆ 1912 ಎಂಬ ಇಸವಿ, ಮುಂದೆ ಸಾಗುತ್ತ ಬೆಳೆಯುತ್ತದೆ ಎಂಬರ್ಥದ ಲ್ಯಾಟಿನ್ ಧ್ಯೇಯವಾಕ್ಯ. ರಾಜ್ಯವಾದ ಹೊಸತರಲ್ಲಿ, 1913ರಲ್ಲಿ, ಈ ರೂಪ ಖಚಿತವಾಯಿತು. ದೊಡ್ಡ ಹಕ್ಕಿ ಚಿಕ್ಕದನ್ನು ಕಾಯುತ್ತಿದೆ ಎಂಬುದು ಅಧಿಕೃತ ಅರ್ಥ. 1846ರಲ್ಲಿ ಸೈನ್ಯ ತಂದು ಹಿಡಿದ ನೆಲದ ಮುದ್ರೆ ಇದು ಎಂದು ತಿಳಿದವರಿಗೆ ಆ ರೆಕ್ಕೆ ಬೇರೆ ಥರ ಕಾಣುತ್ತದೆ. ಪ್ವೆಬ್ಲೊ ಜನರ ಗುರುತು ಈ ಮುದ್ರೆಯಲ್ಲಿ ಎಲ್ಲೂ ಇಲ್ಲ. ಎರಡು ದೇಶಗಳ ನಡುವಿನ ಮಾತುಕತೆಯಾಗಿ ಬರೆದದ್ದು, ಮೂರನೆಯವರ ನೆಲದ ಮೇಲೆ.

ಅಂದಹಾಗೆ, ಚಿಹ್ನೆಗಳ ಜಗಳ ಅಲ್ಲಿ ಮುಗಿದಿಲ್ಲ. 1998ರಲ್ಲಿ ಒನ್ಯಾಟೆ ಬಂದು 400 ವರ್ಷ ತುಂಬುವ ಹೊತ್ತಿಗೆ, ಆಲ್ಕಾಲ್ಡೆ ಎಂಬಲ್ಲಿದ್ದ ಅವನ ಕಂಚಿನ ಪ್ರತಿಮೆಯ ಬಲ ಪಾದವನ್ನು ಯಾರೋ ರಾತ್ರಿ ಗರಗಸದಿಂದ ಕೊಯ್ದು ಒಯ್ದರು. ಆಕೊಮಾ ಮರೆತಿಲ್ಲ ಎಂಬ ಸಂದೇಶ. 2020ರ ಜೂನ್‌ನಲ್ಲಿ ಆಡಳಿತವೇ ಆ ಪ್ರತಿಮೆಯನ್ನು ತೆಗೆಸಿತು. ಪ್ರತಿ ರಾಜ್ಯವೂ ಅಮೆರಿಕದ ಸಂಸತ್ ಭವನಕ್ಕೆ ಎರಡು ಪ್ರತಿಮೆ ಕೊಡಬಹುದು. ನ್ಯೂ ಮೆಕ್ಸಿಕೊ 2005ರಲ್ಲಿ ಕೊಟ್ಟದ್ದು ಪೊಪೇಯ ಪ್ರತಿಮೆ. ಕೆತ್ತಿದವರು ಹೆಮೆಸ್ ಪ್ವೆಬ್ಲೊದ ಕ್ಲಿಫ್ ಫ್ರಾಗ್ವಾ. ಕೈಯಲ್ಲಿ ಗಂಟಿನ ಹುರಿ, ಬೆನ್ನಿನ ಮೇಲೆ ಚಾಟಿಯ ಬಾಸುಂಡೆ. ಆ ಸಂಗ್ರಹಕ್ಕೆ ಸೇರಿದ ನೂರನೆಯ ಪ್ರತಿಮೆ ಅದು.

ಬಣ್ಣದಬುಗುರಿ

ಡಿಸೆಂಬರ್‌ನಲ್ಲಿ ಆ ಕಡೆ ಬರುವವಳಿದ್ದೇನೆ. ಜಿಯಾಕ್ಕೆ ಹೋಗಬಹುದೇ? ಗಡಿಗೆಗಳನ್ನು ಕಣ್ಣಾರೆ ನೋಡಬೇಕು.

ಮರಳುಗಾಡು

ಖಂಡಿತ ಬನ್ನಿ, ಆದರೆ ಮೊದಲೇ ಫೋನ್ ಮಾಡಿ ವಿಚಾರಿಸಿ. ಪ್ವೆಬ್ಲೊಗಳು ಜನ ವಾಸಿಸುವ ಊರುಗಳು. ಆಚರಣೆಯ ದಿನಗಳಲ್ಲಿ ಹೊರಗಿನವರಿಗೆ ದಾರಿ ಮುಚ್ಚುವುದುಂಟು. ಜಿಯಾದಲ್ಲಿ ಫೋಟೊ ತೆಗೆಯುವಂತಿಲ್ಲ, ಚಿತ್ರ ಬಿಡಿಸುವಂತಿಲ್ಲ. ನಿಮ್ಮ ಕೈ ಸುಮ್ಮನಿರುವುದು ಕಷ್ಟ, ಆದರೂ ಸ್ಕೆಚ್ ಪುಸ್ತಕವನ್ನು ಕಾರಿನಲ್ಲೇ ಬಿಡಿ. ವರ್ಷದ ಹಬ್ಬ ಆಗಸ್ಟ್ 15ರಂದು, ಆ ದಿನದ ಕುಣಿತ ನೋಡಲು ಹೊರಗಿನವರೂ ಹೋಗಬಹುದು. ಕುಣಿತದ ನಡುವೆ ಚಪ್ಪಾಳೆ ತಟ್ಟಬಾರದು, ಅದು ಪೂಜೆ.

ಡಿಸೆಂಬರ್‌ಗಾದರೆ ಮೊದಲು ಆಲ್ಬುಕರ್ಕಿಯ ಇಂಡಿಯನ್ ಪ್ವೆಬ್ಲೊ ಸಾಂಸ್ಕೃತಿಕ ಕೇಂದ್ರಕ್ಕೆ ಹೋಗಿ. 19 ಪ್ವೆಬ್ಲೊಗಳೂ ಸೇರಿ ನಡೆಸುವ ಜಾಗ ಅದು, ಯಾವ ಊರಿನ ಗಡಿಗೆ ಹೇಗಿರುತ್ತದೆಂದು ಅಲ್ಲಿ ಕಲಿಯಬಹುದು. ಆಕೊಮಾದ ಬಂಡೆಯ ಮೇಲಕ್ಕೆ ಅವರದೇ ಮಾರ್ಗದರ್ಶಕರು ಕರೆದೊಯ್ಯುತ್ತಾರೆ, ಋತುವಿಗೆ ತಕ್ಕಂತೆ ದಿನಗಳು ಬದಲಾಗುತ್ತವೆ. ಗಡಿಗೆ ಕೊಳ್ಳುವುದಾದರೆ ಮಾಡಿದವರ ಕೈಯಿಂದಲೇ ಕೊಳ್ಳಿ. ಈಗ ಅವರು ತಳದಲ್ಲಿ ತಮ್ಮ ಹೆಸರನ್ನೂ ಊರನ್ನೂ ಬರೆಯುತ್ತಾರೆ.